ಎರ್ಸಿಲಿಯಾಳ ಅಂಕಿಗಳು

ರೋಮ್, ತಿಬುರ್ತೀನಾ ರಸ್ತೆ, ಲ್ಯಾಬಿನ ನೆಲಮಾಳಿಗೆ.
ಎಪ್ಪತ್ತಾರರ ನವೆಂಬರು. ಹೈಪೋ ವಾಸನೆ, ಆರಿದ ಕಾಫಿ.
ಎರ್ಸಿಲಿಯಾ ಬೊನಾಮಿಕೊ ಇಪ್ಪತ್ತೆರಡು ವರ್ಷದಿಂದ
ಇಲ್ಲಿ ಬಣ್ಣ ತೂಗುತ್ತಾಳೆ,
ಅಕ್ಕಸಾಲಿ ಗುಲಗಂಜಿ ಇಟ್ಟು ತೂಗುವ ಹಾಗೆ:
ಶಾಟಿಗೆ ಮೂರು ಅಂಕಿ,
ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು.

ನಿರ್ದೇಶಕ ಬಂದಿದ್ದಾನೆ. ಚರ್ಮದ ಕೋಟು, ಎಳೆ ಮೀಸೆ.
“ಸಿನ್ಯೋರಾ, ಇನ್ನೂ ಕೆಂಪು ಬೇಕು.
ಮೆಟ್ಟಿಲು ಕೆಂಪು, ಬಾಗಿಲು ಕೆಂಪು, ಅವಳ ಉಗುರೂ.
ಜನ ಹೆದರಬೇಕು.”
ಆಗಲೆಂದು ತಲೆಯಾಡಿಸಿ ಅವಳು
ಕೆಂಪು ದೀಪವನ್ನು ಎರಡು ಅಂಕಿ ತಗ್ಗಿಸುತ್ತಾಳೆ.
ಅವನಿಗೆ ಗಾಬರಿ.
ನೆಗೆಟಿವ್ ಲೋಕದ ಲೆಕ್ಕ ತಿರುಗುಮುರುಗು, ಮಗೂ.
ಕೆಂಪು ಬೇಕಾದರೆ ಕೆಂಪನ್ನು ಕಳೆಯಬೇಕು.
ಕಳೆದದ್ದೇ ಪರದೆಯ ಮೇಲೆ ತುಂಬಿ ಬರುತ್ತದೆ.

ಬಂತು. ಮೆಟ್ಟಿಲ ತುಂಬ ಕೆಂಪೋ ಕೆಂಪು,
ಕಾರ್ಡಿನಲ್ಲರ ಮೆರವಣಿಗೆ ಇಳಿದ ಹಾಗೆ.
ಅವಳಿಗೆ ಆಕಳಿಕೆ.
ಕೆಂಪು ಕೊರಳಿಗೆ ಗಂಟೆ ಕಟ್ಟಿಕೊಂಡು ಬರುತ್ತದೆ,
ಕೇಳಿದವರು ಪಕ್ಕಕ್ಕೆ ಸರಿದು ನಿಲ್ಲಬಹುದು.

ಹಸಿರು ಹಾಗಲ್ಲ. ನಂಟಸ್ತಿಕೆ ಹೇಳಿಕೊಂಡು ಒಳಗೆ ಬರುತ್ತದೆ.
ಹುಡುಗಿಯ ಕೆನ್ನೆಗೆ ಒಂದಂಕಿಯಷ್ಟು ಬೆರೆತರೆ ಸಾಕು,
ಅವಳಿನ್ನೂ ನಗುತ್ತಿರುವಾಗಲೇ
ನೋಡುವವರ ಹೊಟ್ಟೆಯಲ್ಲಿ ಏನೋ ಕೆಡುತ್ತದೆ.
ಹಳದಿಯ ಮಾತು ಅವಳು ಎತ್ತುವುದಿಲ್ಲ.
ಕಾಮಾಲೆಯ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ;
ಇವಳು ಆ ಕಣ್ಣುಗಳನ್ನೇ ನೋಡಿದವಳು, ಆರು ವಾರ,
ಗಂಡನ ಮಂಚದ ಪಕ್ಕ ಕೂತು.
ಆ ಅಂಕಿ ಬಾಯಿಪಾಠ. ಯಾವ ಹಾಳೆಯಲ್ಲೂ ಇಲ್ಲ.

“ಕೊನೆಯ ಶಾಟು ನನಗೆ ಬಿಡು,” ಎಂದಳು.
ಬಾಗಿಲು ತೆರೆಯುತ್ತದೆ, ಕೋಣೆ ಖಾಲಿ, ಅಷ್ಟೇ ಇರುವುದು.

ನಲವತ್ತಮೂರರ ಜುಲೈ, ಸಾನ್ ಲೊರೆಂಜೊ.
ಇವಳಿಗೆ ಹನ್ನೊಂದು.
ವಿಮಾನಗಳು ಹೋದ ಮೇಲೆ ಬೀದಿಗೆ ಬಂದರೆ
ರಕ್ತ ಎಲ್ಲೂ ಇರಲಿಲ್ಲ. ಇತ್ತೇನೋ,
ಕಾಣಲಿಲ್ಲ. ಗೋಡೆಗಳ ಸುಣ್ಣ ಬಿದ್ದು
ರೊಟ್ಟಿಯವನು, ಹೇಸರಗತ್ತೆ, ಕಿಟಕಿಯ ಹೂಕುಂಡ,
ಎಲ್ಲಕ್ಕೂ ಒಂದೇ ಬಣ್ಣ.
“ಏಪ್ರಿಕಾಟ್ ಬಣ್ಣದ ಅಂಗಿ, ನನ್ನ ತಂಗಿ, ನುನ್ಸಿಯಾತಾ,
ನೋಡಿದಿರಾ?”
ಬಿಳಿಯ ಮುಖಗಳು ಬಿಳಿಯ ಕೈಯೆತ್ತಿ
ಬಿಳಿಯ ಬೀದಿಯನ್ನು ತೋರಿಸಿದವು.
ಅಲ್ಲಿ ಸಾಲಾಗಿ ಮಲಗಿಸಿದ್ದರು.
ಎರಡು ಸಲ ದಾಟಿ ಹೋದಳು.

ಆ ಶಾಟನ್ನು ಅವಳು ಎರಡು ಸಲ ಅಚ್ಚು ಹಾಕಿದಳು,
ಒಮ್ಮೆ ಬಣ್ಣದಲ್ಲಿ, ಅದರ ಮೇಲೊಮ್ಮೆ ಕಪ್ಪುಬಿಳುಪಿನಲ್ಲಿ,
ಬಣ್ಣ ಉಸಿರು ಬಿಡುವಷ್ಟೇ ಉಳಿಯುವಂತೆ.
ಹುಡುಗ ನೋಡಿದ. ಸಿಗರೇಟು ಬೆರಳಿನವರೆಗೆ ಉರಿಯಿತು.

ಥಿಯೇಟರಿನಲ್ಲಿ ಅವಳು ಹಿಂದಿನ ಸಾಲು, ಜನರ ಕಡೆಗೆ ಮುಖ.
ಕೆಂಪು ಮೆಟ್ಟಿಲಿಗೆ ಶಿಳ್ಳೆ ಬಿತ್ತು, ಕಿರುಚಿದರು, ನಕ್ಕರು,
ಹುರಿಗಡಲೆ ಪೊಟ್ಟಣ ಚೆಲ್ಲಿತು.
ಕೊನೆಯ ಬಾಗಿಲು ತೆರೆದಾಗ
ಯಾರೂ ಕಿರುಚಲಿಲ್ಲ.
ಟೋಪಿಯ ಮುದುಕನೊಬ್ಬ ಪಕ್ಕದವಳ ಶಾಲಿನ ಅಂಚು ಹಿಡಿದು
ಪರದೆಯ ಬೆಳಕಿಗೆ ತಿರುಗಿಸಿ ನೋಡಿದ.

ಹೊರಗೆ ಔಷಧಿ ಅಂಗಡಿಯ ಹಸಿರು ಶಿಲುಬೆ
ಮಿನುಗಿ ಎಲ್ಲರನ್ನೂ ಹೆಣ ಮಾಡುತ್ತಿತ್ತು.
ಮೂರು ಅಂಕಿ ಜಾಸ್ತಿ, ಅಂದುಕೊಂಡಳು.

ಮುಂದಿನ ಚಿತ್ರಕ್ಕೂ ಅದೇ ಬಿಳಿ ಬೇಕೆಂದು
ಹುಡುಗ ಲೆಕ್ಕ ಕೇಳಿದ. ಎಷ್ಟು ಬಣ್ಣ, ಎಷ್ಟು ಬೂದಿ.
ಬರೆದುಕೊಟ್ಟಳು, ದುಂಡಗೆ, ಶಾಲೆಯ ಅಕ್ಷರದಲ್ಲಿ.
ಒಂದು ಅಂಕಿ ಬೇಕೆಂದೇ ತಪ್ಪು.