ಬಾಣಲೆ ಬೋರಲು

ಕುಂಬಳೆಯ ರೈಲ್ವೆ ಗೇಟಿನ ಬಳಿ ಇಪ್ಪತ್ತೆರಡು ವರ್ಷ
ಕಾದ ಎಣ್ಣೆಯ ಮುಂದೆ ನಿಂತವನು ನಾನು.
ಮುಂಗೈ ನೋಡಿ, ಸಿಡಿದ ಹನಿಗಳ ಕಲೆ.
ಬೇಕಾದರೆ ಎಣಿಸಿ, ನಾನು ಎಣಿಸುವುದು ಬಿಟ್ಟಿದ್ದೇನೆ.
ಬಂಗುಡೆ ಬಿದ್ದರೆ ಒಂದು ಸದ್ದು,
ನಂಗು ಬಿದ್ದರೆ ಇನ್ನೊಂದು.
ಕಣ್ಣು ಮುಚ್ಚಿಯೇ ಹೇಳುತ್ತಿದ್ದೆ
ಯಾವುದು ಬೆಂದಿತು, ಯಾವುದಿನ್ನೂ ಹಸಿ.

ಮಂಗಳೂರಿನ ಡಾಕ್ಟರು ನನ್ನ ಎದೆಯ ಸದ್ದು ಕೇಳಿದರು.
ಅವರಿಗೂ ಕಣ್ಣು ಮುಚ್ಚುವ ಅಭ್ಯಾಸ.
"ಮೀನು ತಿನ್ನಿ" ಎಂದರು, "ಧಾರಾಳ ತಿನ್ನಿ.
ಎಣ್ಣೆಯಲ್ಲಿ ಮುಳುಗಿಸಬೇಡಿ, ಅಷ್ಟೆ."
ಅಷ್ಟೆ!
ದೋಣಿಯವನಿಗೆ
ನೀರೊಂದು ಬೇಡ ಎಂದ ಹಾಗೆ.

ಮನೆಗೆ ಬಂದರೆ ನನ್ನ ಮೊದಲ ಬಾಣಲೆ
ಬಾವಿಕಟ್ಟೆಯ ಮಗ್ಗುಲಲ್ಲಿ ಬೋರಲು,
ತಲೆ ಒಳಗೆಳೆದುಕೊಂಡ ಆಮೆ.
ವಾರಿಜ ಅದರ ಮಾತೇ ಎತ್ತಲಿಲ್ಲ.
ಇಡ್ಲಿ ಪಾತ್ರೆ ತೊಳೆಯುತ್ತಿದ್ದಳು.
"ಅದರಲ್ಲಿ ಮೀನಾ?" ಎಂದೆ.
"ಪಾತ್ರೆಯನ್ನು ಇಡ್ಲಿಗೇನು ಬರೆದುಕೊಟ್ಟಿದ್ದೀರಾ?" ಎಂದಳು.

ಹಿತ್ತಿಲ ಅರಿಶಿನದ ಎಲೆ, ಮೊಣಕೈಯುದ್ದ.
ಬೂತಾಯಿಗೆ ಗೀರು ಹಾಕಿ, ಒಣಮೆಣಸು, ಬೆಳ್ಳುಳ್ಳಿ,
ಗೋಡೆಯಾಚೆಯಿಂದ ಐಸಮ್ಮ ಕೊಟ್ಟ ಬಿಂಬುಳಿ ನಾಲ್ಕು
ಅರೆದು ಸವರಿ
(ಐಸಮ್ಮನ ಬಾಯಲ್ಲಿ ಅದು ಮತ್ತಿ,
ಹಬೆಗೆ ಯಾವ ಹೆಸರಾದರೂ ಸರಿ)
ಎಲೆ ಮಡಚಿ, ಬಾಳೆನಾರು ಬಿಗಿದು
ಮುಚ್ಚಳ ಹಾಕಿದಳು.

ಸದ್ದಿಲ್ಲ.
ಅದೇ ನನ್ನನ್ನು ಅಳುಕಿಸಿದ್ದು.
ಸದ್ದಿಲ್ಲದೆ ಬೇಯುವುದೆಂದರೇನು?
ಬೆಂದಿತೆಂದು ಯಾರು ಹೇಳಬೇಕು?
"ಮೂಗು" ಎಂದಳು.

ಅಂದು ಉಂಡದ್ದು ಸಿಟ್ಟಿನಲ್ಲಿ, ರುಚಿ ನೆನಪಿಲ್ಲ.
ಮರುದಿನ ಮಣ್ಣಿನಳಗೆಯಲ್ಲಿ ಪುಳಿಮುಂಚಿ,
ತೊಟ್ಟು ಎಣ್ಣೆಯಿಲ್ಲ, ಸೌಟೂ ಇಲ್ಲ.
ಅಳಗೆಯ ಕಂಠ ಹಿಡಿದು ಮೆಲ್ಲಗೆ ಕುಲುಕಿದಳು,
ತೊಟ್ಟಿಲು ತೂಗಿದಂತೆ,
ಮೀನಿಗೆ ಎಚ್ಚರವಾಗದಂತೆ.
ಭಾನುವಾರ ಗೆರಟೆಯ ಕೆಂಡದಲ್ಲಿ ಬಂಗುಡೆ ಸುಟ್ಟಳು.
ಅದರದೇ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ
ಚುಂಯ್ ಎಂದಿತು.
ಎದ್ದು ಹೋಗಿ ಪಕ್ಕದಲ್ಲಿ ಕುಳಿತೆ.

ಆದರೂ ಗುರುವಾರ ಸಂಜೆ ಕದ್ದು ಹೋದೆ, ಗೇಟಿನ ಬಳಿಗೆ.
ಅಲ್ಲೀಗ ಅಕ್ಕನ ಮಗ ತೇಜು.
ಅಳಿಯಸಂತಾನದ ಲೆಕ್ಕದಲ್ಲಿ ಎಣ್ಣೆಯೂ ಅವನದೇ.
"ಮಾವ, ಒಂದೇ ಒಂದು ಅಂಜಲ್" ಎಂದು
ಪೇಪರಿನ ತುಂಡಿನ ಮೇಲಿಟ್ಟು ಕೊಟ್ಟ.
ಎಣ್ಣೆ ಹರಡಿತು, ಕಾಗದ ಗಾಜಾಯಿತು,
ಹಿಂದಿನ ಪುಟದ ನಿಧನವಾರ್ತೆ
ಮೆಲ್ಲಗೆ ಮುಂದಿನ ಪುಟಕ್ಕೆ ಬಂತು.
ಅಕ್ಷರ ತಿರುಗಮುರುಗ, ಓದಲಿಕ್ಕಾಯಿತು:
ವಯಸ್ಸು ಐವತ್ತಾರು, ಹೃದಯಾಘಾತ.
ನನಗೂ ಐವತ್ತಾರು.
ಸುಳ್ಳು ಯಾಕೆ ಹೇಳಲಿ, ತಿಂದೆ.
ತುಂಡು ಅರ್ಧ ಮುಗಿದಾಗ ಆ ಮಹಾರಾಯನ ಗಲ್ಲ ಕಂಡಿತು,
ಕ್ಷೌರ ಮಾಡಿ ನುಣ್ಣಗಿದ್ದ ಗಲ್ಲ.
ಉಳಿದದ್ದನ್ನು ಬೆಕ್ಕಿಗೆ ಹಾಕಿದೆ.

ರಾತ್ರಿ ವಾರಿಜ ನನ್ನ ಬೆರಳು ಹಿಡಿದು ಮೂಸಿದಳು.
ಮೂಗು ಎಂದಿದ್ದಳಲ್ಲ.
ಏನೂ ಅನ್ನದೆ ಕುಚ್ಚಲಕ್ಕಿ ಗಂಜಿಯ ಪಕ್ಕ
ಎಲೆಯ ಪೊಟ್ಟಣ ಇಟ್ಟಳು.
ಬಿಚ್ಚಿದೆ. ಹಬೆ ಕನ್ನಡಕಕ್ಕೆ ಹತ್ತಿ
ಒಲೆ, ಗೋಡೆ, ಅವಳು, ಎಲ್ಲ ಮಸುಕು.
ಮುಳ್ಳು ಹುಡುಕಿದ್ದು ಬೆರಳು, ಉಳಿದದ್ದು ನಾಲಿಗೆ.
ಹೊಟ್ಟೆಯ ಬಳಿ ತುಸು ಕಹಿ, ಬೆನ್ನಿಗೆ ಬಂದಂತೆ ಸಿಹಿ,
ಬೂತಾಯಿಗೆ ಬೂತಾಯಿಯದೇ ರುಚಿ.
ಇಪ್ಪತ್ತೆರಡು ವರ್ಷ ಮಾರಿದವನು,
ನನಗಿದು ಗೊತ್ತಿರಲಿಲ್ಲ.
"ಉಪ್ಪು ಕಡಿಮೆ" ಎಂದೆ, ಏನಾದರೂ ಅನ್ನಬೇಕಲ್ಲ.
"ಅದನ್ನೂ ಡಾಕ್ಟರೇ ಹೇಳಿದ್ದು."

ಬಾಣಲೆ ಈಗಲೂ ಬಾವಿಕಟ್ಟೆಯ ಬಳಿಯೇ ಇದೆ.
ಮೊನ್ನೆ ನಡುರಾತ್ರಿ ಮಳೆಗೆ ಎಚ್ಚರವಾಯಿತು.
ಬೋರಲು ಬೆನ್ನಿನ ಮೇಲೆ ಹನಿ ಬಿದ್ದು ಸಿಡಿಯುತ್ತಿತ್ತು.
ಕಣ್ಣು ತೆರೆಯದೆ ಕೇಳಿದೆ.
ಬಂಗುಡೆಯಲ್ಲ.
ನಂಗು.