ತಟ್ಟೆಯಡಿಯ ಸೀಸ

ಹತ್ತೊಂಬತ್ತಕ್ಕೇ ನಾನು ಹಿರಿಯ.
ಎದೆಯ ಮೇಲಿನ ಕರಿ ಫಲಕದಲ್ಲಿ ಹಾಗೆಂದೇ ಕೊರೆದಿತ್ತು:
ಎಲ್ಡರ್ ಸ್ಟಾಡರ್ಡ್.
ಗಡ್ಡ ಇನ್ನೂ ವಾರಕ್ಕೆರಡು ಸಲ ಬೋಳಿಸಿದರೆ ಸಾಕಿತ್ತು.

ಚಿಲೊಯೆ ದ್ವೀಪದ ಕಾಸ್ತ್ರೊ. ಜುಲೈ ತಿಂಗಳ ಕೊರೆವ ಚಳಿ.
ಮರಗಾಲುಗಳ ಮೇಲೆ ನಿಂತ ಮನೆಗಳು.
ಇಳಿತದಲ್ಲಿ ಅವುಗಳ ಕೆಳಗೆ ಕೆಸರು, ಹರಿದ ಬೂಟು, ಸತ್ತ ಬೆಕ್ಕು;
ಭರತ ಬಂದರೆ ಎಲ್ಲ ಮುಚ್ಚಿಡುವ ನೀರು.
ಪಾಪಕ್ಕೆ ಒಳ್ಳೆಯ ಉಪಮೆ ಎಂದು ಡೈರಿಯಲ್ಲಿ ಬರೆದುಕೊಂಡೆ.
ಆ ವಯಸ್ಸಿಗೆ ಎಲ್ಲವೂ ಉಪಮೆಯೇ.

ಜೊತೆಗಾರ ಟೊಂಗಾದ ಎಲ್ಡರ್ ಫಿಫಿತಾ
ಬಾಗಿಲು ತಟ್ಟುತ್ತಿದ್ದ, ನಾನು ಮಾತಾಡುತ್ತಿದ್ದೆ.
ದಿನಕ್ಕೆ ಐವತ್ತು ಬಾಗಿಲು. ಐವತ್ತು ‘ಬೇಡ’.
ಒಂದೇ ಒಂದು ಬಾಗಿಲಲ್ಲಿ
ದೋನ್ಯಾ ಒಸ್ವಾಲ್ದಿನಾ, ಸೊಂಟಕ್ಕೆ ಒದ್ದೆ ಗೋಣಿ:
‘ಬೂಟು ಒರೆಸಿ ಒಳಗೆ ಬನ್ನಿ.’

ಒಲೆಯ ಮುಂದೆ ಕೂತು ಬೆರಳು ಮಡಿಸಿ ಪಾಠ ಮಾಡಿದೆ,
ಐದು ಬೆರಳಿಗೆ ಐದು ಮೆಟ್ಟಿಲು:
ಅರಿ. ಅಳು. ಒಪ್ಪಿಕೊ. ಸರಿಪಡಿಸು. ಬಿಟ್ಟುಬಿಡು.
ಬಾಯಿಪಾಠ ಒಪ್ಪಿಸಿದ ಹುಡುಗನ ಹೆಮ್ಮೆ ನನಗೆ.
ಅವಳು ನನ್ನ ಉಂಗುರದ ಬೆರಳು ಹಿಡಿದು
‘ಇದರದ್ದು ಇನ್ನೊಂದು ಸಲ ಹೇಳು ಮಗಾ’ ಎಂದಳು.

ಹೇಳಿದೆ. ಎದ್ದು ಹೋದಳು.
ತಕ್ಕಡಿ ತಂದಳು. ನೀಲಿಕಲ್ಲು ತೂಗುವ ಹಳೆಯ ತಕ್ಕಡಿ,
ತಟ್ಟೆ ಮಗುಚಿದಳು:
ಅಡಿಯಲ್ಲಿ ಬಲೆಯ ದಾರದಿಂದ ಬಿಗಿದ
ಅವರೆಕಾಳಿನಷ್ಟು ಸೀಸ.

‘ಕಿಲೋಗೆ ನಾಲ್ಕು ಚಿಪ್ಪು. ಇಪ್ಪತ್ತಾರು ವರ್ಷ.
ಗಂಡ ಕಡಲಿಂದ ಬಾರದ ವರ್ಷ ಕಟ್ಟಿದೆ.
ಹೊಟ್ಟೆ ತುಂಬಿದ ಮೇಲೂ ಬಿಚ್ಚಲಿಲ್ಲ.’

ಪ್ರಾರ್ಥಿಸಿ, ದೇವರು ಇನ್ನದನ್ನು ನೆನೆಯುವುದಿಲ್ಲ
ಎಂದೆ ನಾನು, ಹಿರಿಯ.
‘ಅವನು ಮರೀಬಹುದು.
ಅವನು ನನ್ನ ಹತ್ತಿರ ಚಿಪ್ಪು ಕೊಂಡವನಲ್ಲವಲ್ಲ.’

ಮರುದಿನದಿಂದ ಅದೇ ಬೀದಿಯಲ್ಲಿ ಮೂವರು.
ನಾವು ಕೊಡಲೆಂದು ತಟ್ಟಿದ ಬಾಗಿಲುಗಳನ್ನೇ
ಅವಳು ತಟ್ಟಿದಳು, ಹಿಂದಿರುಗಿಸಲು.
ಒಂದೊಂದು ಮನೆಗೆ ಒಂದೊಂದು ಬಕೆಟ್ಟು.
ಕೆಲವರು ನಕ್ಕರು.
ಬೇಕರಿಯವಳು ಬಕೆಟ್ಟು ಅಂಗಳಕ್ಕೆ ಸುರಿದು ಬೈದಳು,
ಇಷ್ಟು ದಿನ ಯಾರೂ ಬೈದಿರಲಿಲ್ಲ ಎಂಬಂತೆ
ಮುದುಕಿ ನಿಂತು ಪೂರ್ತಿ ಕೇಳಿಸಿಕೊಂಡಳು.
ಸತ್ತವರ ಪಾಲನ್ನು ಮಕ್ಕಳ ಹೊಸ್ತಿಲಲ್ಲಿಟ್ಟಳು.

ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡಲು ಹೋದೆವು.
‘ಈಗಲ್ಲ. ಇನ್ನೂ ಹನ್ನೊಂದು ಮನೆ ಇದೆ.’
ವಾರದ ವರದಿಯಲ್ಲಿ ಅದಕ್ಕೊಂದು ಖಾನೆ ಇರಲಿಲ್ಲ.
ಫಿಫಿತಾ ಪೆನ್ನು ಕೆಳಗಿಟ್ಟು
ಬಕೆಟ್ಟು ಹೊರಲು ಹೋದ.

ನಾನು ಹೋಗಲಿಲ್ಲ. ಅಂದು ರಾತ್ರಿ ನಿದ್ದೆಯೂ ಬರಲಿಲ್ಲ.
ಇಡಾಹೊದಲ್ಲಿ, ಹದಿನೇಳರ ಜೂನ್‌ನಲ್ಲಿ,
ಕಾಲುವೆಯ ಗೇಟು ತೆರೆದಿಟ್ಟು ಈಜಲು ಹೋದವನು ನಾನು.
ಪಕ್ಕದವರ ಕೊಯ್ದ ಹುಲ್ಲೆಲ್ಲ ನೀರುಪಾಲು.
ಅಪ್ಪ ಕೆಲಸದಿಂದ ತೆಗೆದದ್ದು ಎಲಾದಿಯೊನನ್ನು.
ಅವನು ಟ್ರಕ್ಕಿಗೆ ಹಾಸಿಗೆ, ತೊಟ್ಟಿಲು ಏರಿಸುವಾಗ
ಹಗ್ಗದ ಇನ್ನೊಂದು ತುದಿ ಹಿಡಿದದ್ದೂ ನಾನೇ.
ಹೊರಡುವ ಮುಂಚಿನ ಸಂದರ್ಶನದಲ್ಲಿ
‘ಹೇಳಬೇಕಾದ್ದು ಏನಾದರೂ ಉಳಿದಿದೆಯೇ?’
‘ಇಲ್ಲ’ ಎಂದೆ. ಟೈ ಸರಿಯಾಗಿ ಕೂತಿತ್ತು.

ಬೀಳ್ಕೊಡುವಾಗ ದೋನ್ಯಾ ಒಸ್ವಾಲ್ದಿನಾ
ನನ್ನ ಅಂಗೈಯಲ್ಲಿ ಆ ಸೀಸ ಇಟ್ಟಳು.
ಯಾಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎಲಾದಿಯೊನನ್ನು ಹುಡುಕಲು ಒಂಬತ್ತು ವರ್ಷ ಹಿಡಿಯಿತು.
ಹುಡುಕಿದ್ದು ಎರಡು ವಾರ; ಉಳಿದದ್ದು ಹೊರಡಲು.
ಯಾಕಿಮಾದ ಒಂದು ಲಾಂಡ್ರಿಯ ಹಿಂದಿನ ಕೋಣೆ.
ಗೇಟು ಅವನಿಗೆ ನೆನಪಿರಲಿಲ್ಲ.
ಆ ಚಳಿಗಾಲ ನೆನಪಿತ್ತು.

ಹಣದ ಲಕೋಟೆ ಕೊಟ್ಟೆ. ಎಣಿಸಿ ತೆಗೆದುಕೊಂಡ.
ಕ್ಷಮಿಸಿದೆ ಎನ್ನಲಿಲ್ಲ.
ಕಾಫಿ ಮಾಡಿ ತಂದ.
ನಾನು ಕುಡಿಯುವವನಲ್ಲ. ಆದರೂ
ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ,
ಆರುವವರೆಗೆ.