ಅಳಿಸಿದ ಮೂರು ಚುಕ್ಕೆ

ಇನ್ನೂರ ಹನ್ನೆರಡು ಪುಟ, ನೀಲಿ ರಟ್ಟು,
ಬೆನ್ನ ಮೇಲೆ ಚಿನ್ನದಕ್ಷರದಲ್ಲಿ ನನ್ನ ಹೆಸರು.
ನೆನೆಯದಿರಲೆಂದು ಬ್ರೆಡ್ಡಿನ ಚೀಲದಲ್ಲಿ ಸುತ್ತಿ ತಂದೆ
ಗಲೀಸಿಯಾದ ಆ ಅಳಿವೆಯ ದಡಕ್ಕೆ.

ಮೀನು ಹರಾಜಿನ ಕೊಟ್ಟಿಗೆಯಲ್ಲಿ ಹದಿನೇಳು ಹೆಂಗಸರು
ಬುಟ್ಟಿ ಬೋರಲು ಹಾಕಿ ಕೂತಿದ್ದರು,
ಒದ್ದೆ ಬೂಟು, ಚಳಿಗೆ ಕೆಂಪೇರಿದ ಬೆರಳು.
ಮೂರನೆಯ ಅಧ್ಯಾಯ ಓದಿದೆ:
ನೀರಿನ ಉಪ್ಪು ಇಷ್ಟಕ್ಕಿಳಿದರೆ
ಚಿಪ್ಪು ಬಾಯಿ ಬಿಗಿಯುತ್ತದೆ,
ಉಸಿರು ಹಿಡಿದು ಕಾಯುತ್ತದೆ,
ಐದನೆಯ ದಿನ ಸೋಲುತ್ತದೆ.

ಬಾಲ್ಬಿನಾ ಎಂದಳು:
"ಸೋತದ್ದು ನಮಗೆ ಗೊತ್ತು ಮಗಳೇ, ಮೂಗೇ ಹೇಳುತ್ತದೆ.
ಐದು ದಿನ ಅಂತ ಗೊತ್ತಿರಲಿಲ್ಲ.
ಗೊತ್ತಿದ್ದರೆ ಮೂರನೆಯ ದಿನವೇ ಎತ್ತಿ
ಕಡಲ ಕಡೆಗೆ ಬಿತ್ತುತ್ತಿದ್ದೆವಲ್ಲ.
ಯಾವಾಗ ಬರೆದೆ ಇದನ್ನ?"

ಆರು ವರ್ಷವಾಯಿತು, ಎಂದೆ.

ಪುಸ್ತಕದ ಬದನೆಕಾಯಿ ಎಂದು ಆಡಿಕೊಳ್ಳುತ್ತೇವೆ.
ಬದನೆಕಾಯಿ ನಿಜದ್ದೇ.
ಬಡಿಸುವವರಿಲ್ಲದೆ ಕಪಾಟಿನಲ್ಲಿ
ಕೊಳೆಯದೆಯೂ ಕೂತಿತ್ತು, ಅಷ್ಟೆ.

ಆಮೇಲೆ ಅವಳ ಅಡುಗೆಮನೆ. ಫ್ರಿಜ್ಜಿನ ಪಕ್ಕದ ಮೊಳೆಗೆ
ದಾರ ಪೋಣಿಸಿದ ಹತ್ತೊಂಬತ್ತು ಕ್ಯಾಲೆಂಡರು.
ಚೌಕ ಚೌಕದಲ್ಲೂ ಪೆನ್ಸಿಲ್ಲು: ಎಷ್ಟು ಕಿಲೋ,
ಗಾಳಿ ಯಾವ ಕಡೆಯದು, ನದಿಯ ಬಣ್ಣವೇನು.
ಬರಿ ಕಾಫಿ. ಹಾಲು ಬೆರೆತ ಕಾಫಿ.
ನಡುವೆ, ಎಲಾಡಿಯೊಗೆ ಹಲ್ಲು ಕಿತ್ತರು. ಕರೆಂಟು ಬಿಲ್ಲು.

ನನ್ನ ನಕ್ಷೆಯಲ್ಲಿ ರೇಖೆಗೆ ಒಗ್ಗದ ಮೂರು ಚುಕ್ಕೆಗಳಿದ್ದವು.
ಮಾಪನದ ದೋಷವೆಂದು ಅಡಿಟಿಪ್ಪಣಿ ಬರೆದು ಅಳಿಸಿದ್ದೆ,
ಗುರುಗಳೂ ತಲೆಯಾಡಿಸಿದ್ದರು.
ಈಗ ಬೆರಳಿಟ್ಟು ಆ ತಾರೀಕುಗಳನ್ನು ಹುಡುಕಿದೆ.

ಮೊದಲನೆಯದು: ಹಾಲು ಬೆರೆತ ಕಾಫಿ. ಮಳೆಯಿಲ್ಲ.
ಮಳೆಯಿಲ್ಲದೆ ನದಿ ಕದಡುವುದೆಂದರೆ
ಮೇಲೆ ಅಣೆಕಟ್ಟಿನ ಬಾಗಿಲು ತೆಗೆದರೆಂದು,
ಇದು ಇಲ್ಲಿನ ಮಕ್ಕಳಿಗೂ ಗೊತ್ತು.
ಬಾಗಿಲು ತೆಗೆಯುವ ಎಂಜಿನಿಯರು
ನಮ್ಮ ಕೆಳಗಿನ ಮಹಡಿಯಲ್ಲೇ ಓದಿದವನು.
ನಾಲ್ಕು ವರ್ಷ ಒಂದೇ ಲಿಫ್ಟಿನಲ್ಲಿ
ಚಳಿಯ ಬಗ್ಗೆ ಮಾತಾಡಿದ್ದೇವೆ.

ಎರಡನೆಯದು: "ಏಡಿ ಹಿಡಿಯುವ ಹುಡುಗರಿಗೆ ಬೈದೆ.
ಹಳದಿ ಕಂಬ ಮತ್ತೆ ನೆಟ್ಟೆ. ಸ್ವಲ್ಪ ಓರೆ."
ಅದು ನನ್ನ ಕಂಬ. ಆ ದೋಷ ನಿಜವಾದ ದೋಷ.

ಮೂರನೆಯದು ಸೊನ್ನೆ ಕಿಲೋ.
ಚೌಕದಲ್ಲಿ ಒಂದು ಹೆಸರು ಮಾತ್ರ, ರೊಸೆಂದೊ.
ಅವಳು ಪುಟವನ್ನು ಬೇಗ ತಿರುವಿದಳು.
"ಅಂದು ಯಾರೂ ಮರಳಿಗಿಳಿಯಲಿಲ್ಲ" ಎಂದಳು
ಎಷ್ಟೋ ಹೊತ್ತಿನ ಮೇಲೆ, ತಟ್ಟೆ ತೊಳೆಯುತ್ತ.

ಹಾಗೆಂದು ಅವಳು ಹೇಳಿದ್ದೆಲ್ಲ ವೇದವಲ್ಲ.
ಕ್ಷೀಣಚಂದ್ರನಲ್ಲೇ ಮರಳು ಮಗುಚಬೇಕೆಂಬುದಕ್ಕೆ
ಹತ್ತೊಂಬತ್ತು ವರ್ಷದ ಅವಳದೇ ಪೆನ್ಸಿಲ್ಲು ಸಾಕ್ಷಿ ಹೇಳದು.
ಕೂಡಿ ಕಳೆದು ತೋರಿಸಿದೆ. ನಕ್ಕಳು.
ಈಗಲೂ ಕ್ಷೀಣಚಂದ್ರನಿಗೇ ಕಾಯುತ್ತಾಳೆ.

ಬೆನ್ನುನೋವಿನ ಮೇಲೆ ಪ್ರಬಂಧ ಬರೆದ ನೊಯೆಮಿ
ಹಲುಬೆಯ ಹಿಡಿ ಒಂದು ಗೇಣು ಉದ್ದವಿರಲೆಂದಳು.
ಎಲಾಡಿಯೊ ಹಾಗೇ ಕೆತ್ತಿಕೊಟ್ಟ.
ವಾರದೊಳಗೆ ಹದಿನೇಳು ಜನರೂ ಗರಗಸ ಹಿಡಿದು
ಅವರವರ ಎದೆಯೆತ್ತರಕ್ಕೆ ಕತ್ತರಿಸಿಕೊಂಡರು.
ನೊಯೆಮಿ ಅತ್ತಳೆಂದು ಕೇಳಿದೆ. ಮರುದಿನ
ಕತ್ತರಿಸಿ ಬಿದ್ದ ತುಂಡುಗಳನ್ನು ಆಯ್ದು
ಒಂದೊಂದನ್ನೇ ಅಳೆಯುತ್ತ ಕೂತಿದ್ದಳು.

ನವೆಂಬರಿನಲ್ಲಿ ಮತ್ತೆ ಬಾಗಿಲು ತೆಗೆದರು.
ಈ ಸಲ ಎಂಜಿನಿಯರು ಮುಂಚೆಯೇ ಫೋನು ಮಾಡಿದ.
ಎರಡೇ ದಿನ ಮುಂಚೆ, ಅದೂ ರಾತ್ರಿ ಹನ್ನೊಂದಕ್ಕೆ.
ಅರ್ಧದಷ್ಟು ಚಿಪ್ಪು ಎತ್ತಿದೆವು.
ಉಳಿದರ್ಧದ ನಾತ ವಾರವಿಡೀ ಊರಲ್ಲಿತ್ತು.

ಹೊಸ ಲೇಖನದ ಆಕರಪಟ್ಟಿಯಲ್ಲಿ ಬರೆದಿದ್ದೇನೆ:
ಕ್ಯಾಲೆಂಡರು, ಪೆನ್ಸಿಲ್ಲು, ಬಾಲ್ಬಿನಾಳ ಅಡುಗೆಮನೆ.
ಪರಿಶೀಲಿಸಲು ಸಾಧ್ಯವೇ, ಎಂದು
ಹೆಸರಿಲ್ಲದ ವಿಮರ್ಶಕರು ಕೇಳಿದ್ದಾರೆ.

ಸಾಧ್ಯ. ಗುರುವಾರ
ಬೆಳಗ್ಗೆ ಆರೂ ನಲವತ್ತಕ್ಕೆ ಇಳಿತ.
ಬೂಟು ತನ್ನಿ. ಫ್ರಿಜ್ಜಿನ ಪಕ್ಕ ಜಾಗ ಕಡಿಮೆ,
ಒಬ್ಬೊಬ್ಬರಾಗಿ ಬನ್ನಿ.